ಮುಚ್ಚಳದೊಳಗಿನ ಗುರುತು

ಮೂಡುಬಿದಿರೆ
17-11-2024, ಆದಿತ್ಯವಾರ

ಪ್ರೀತಿಯ ಹಾರಿಸ್‌ಗೆ,

ಕುಶಾಲ ಮಾಮನ ಆಶೀರ್ವಾದ. ನಿನ್ನ ಉಪ್ಪ ಹೇಗಿದ್ದಾರೆ? ಗಂಜಿಯಾದರೂ ಸರಿಯಾಗಿ ಕುಡಿಯುತ್ತಾರೋ? ನೀನು ಕೊಂಡ ವಾಚ್ ನನ್ನ ರಿಪೇರಿ ಅಂಗಡಿಗೆ ಬಂದು ಹದಿನೈದು ದಿನವಾಯಿತು. ನೀನು ಆರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಮುದುಕನಿಗೆ ಕಿವಿ ಮಂದವಾಯಿತು ಎಂದುಕೊಂಡಿದ್ದೀಯೇನೋ. ಕಿವಿ ಚೆನ್ನಾಗಿಯೇ ಇದೆ. ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಈ ಕಾಗದ. ತಡವಾದದ್ದಕ್ಕೆ ಬೇಸರಿಸಬೇಡ.

ಸುದ್ದಿ ಒಳ್ಳೆಯದಲ್ಲ. ವಾಚಿನ ಮುಚ್ಚಳ ತೆರೆದು ನೋಡಿದೆ. ಹೊರಗಿನ ಕೇಸು ಅಸಲಿ, ಡಯಲ್ ಅಸಲಿ. ಒಳಗಿನ ಮೆಷಿನ್ ಮಾತ್ರ ಅದರದ್ದಲ್ಲ. ಯಾವುದೋ ಅಗ್ಗದ ವಾಚಿನ ಮೆಷಿನನ್ನು ಅರದಲ್ಲಿ ಉಜ್ಜಿ ಕೂರಿಸಿದ್ದಾರೆ.

ಅಪ್ಪನ ಮಾನಕ್ಕಾಗಿ ನೀನು ಇದನ್ನು ಹುಡುಕಿದೆ ಎಂದು ನನಗೆ ಗೊತ್ತು. ಉಪ್ಪ ಸೌದಿಯ ದಮ್ಮಾಮಿನ ಕೆಲಸ ಬಿಟ್ಟು ಬರುವಾಗ ಅಲ್ಲಿಯ ಯಜಮಾನ ಕೊಟ್ಟ ಸ್ವಿಸ್ ವಾಚ್ ಇದು. ಇಪ್ಪತ್ತು ವರ್ಷದ ಹಿಂದೆ ಅದನ್ನು ಬೆಳ್ತಂಗಡಿಯ ಕೇಶವಪ್ರಸಾದ ಮಾಷ್ಟ್ರಿಗೆ ಮಾರಿದರು. ಎಂಟೇ ದಿನದಲ್ಲಿ ಮಾಷ್ಟ್ರು ಸಿದ್ಧಕಟ್ಟೆಯ ನಿಮ್ಮ ಅಂಗಡಿಗೆ ಬಂದು ಗಿರಾಕಿಗಳ ಎದುರೇ, "ಹಾಜಬ್ಬ, ಗಲ್ಫಿನ ವಾಚ್ ಅಂತ ಹೇಳಿ ಒಳಗೆ ಗುಜರಿ ಇಟ್ಟು ಕೊಟ್ರಲ್ಲ. ನಿಮ್ಮಿಂದ ಇದನ್ನು ಎಣಿಸಿರಲಿಲ್ಲ" ಎಂದರು. ಉಪ್ಪ ಗಲ್ಲಾಪೆಟ್ಟಿಗೆಯಿಂದ ಹಣ ಎಣಿಸಿ ಹಿಂದೆ ಕೊಟ್ಟರು. ವಾಚನ್ನು ಮುಟ್ಟಲಿಲ್ಲ, ಮಾಷ್ಟ್ರೇ ಕೊಂಡುಹೋಗಿ ಯಾರಿಗೋ ದಾಟಿಸಿದರು. ಆಮೇಲೆ ಉಪ್ಪ ಬೇರೆ ವಾಚನ್ನೂ ಕಟ್ಟಲಿಲ್ಲ. ಆ ದಿನ ನೀನೂ ಅಂಗಡಿಯಲ್ಲಿದ್ದೆ, ಶಾಲೆಯ ಯೂನಿಫಾರ್ಮಿನಲ್ಲಿ.

"ಎಲ್ಲಿದ್ದರೂ ಅದನ್ನು ತರ್ತೇನೆ ಮಾಮ. ಉಪ್ಪ ಕಣ್ಣು ಮುಚ್ಚುವ ಮೊದಲು ಮಾಷ್ಟ್ರ ಎದುರು ತೆರೆದು ತೋರಿಸ್ತೇನೆ" ಎಂದು ನೀನು ಹೇಳುತ್ತಿದ್ದೆ. ಕಡೆಗೂ ಪುಣೆಯವನೊಬ್ಬ ಆನ್‌ಲೈನಿನಲ್ಲಿ ಮಾರಾಟಕ್ಕೆ ಹಾಕಿದ್ದನ್ನು ಕಂಡು ನನಗೆ ಫೋಟೊ ಕಳಿಸಿದೆ. ಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ಗೀರಿದ ಅಕ್ಷರಗಳು: ಕು 89, ಕು 92, ಕು 96. ನಮ್ಮ ಕಸುಬಿನಲ್ಲಿ ವಾಚ್ ತೆರೆದವನು ಒಳಗೆ ತನ್ನ ಹೆಸರಿನ ಅಕ್ಷರವನ್ನೂ ವರ್ಷವನ್ನೂ ಗೀರಿಯೇ ಮುಚ್ಚುತ್ತಾನೆ. ಮುಂದೆ ತೆರೆಯುವವನಿಗೆ ಅದೇ ಸಾಕ್ಷಿ.

ನೀನು ಜಾಗ್ರತೆಯವನು, ಕೇಳಿದೆ. "ಮಾಮ, ಮೆಷಿನಿನ ಫೋಟೊವೂ ಕೇಳುವನಾ? ವಿಡಿಯೊದಲ್ಲಿ ತೆರೆದು ತೋರಿಸ್ಲಿಕ್ಕೆ ಹೇಳುವನಾ? ವಾಪಸ್ ತೆಗೊಳ್ಳುವುದಿಲ್ಲ ಅಂತ ಬೇರೆ ಬರ್ದಿದ್ದಾನೆ." "ನನ್ನ ಕೈಯ ಗುರುತು ಉಂಟಲ್ಲ ಮಾರಾಯ, ಇನ್ನೆಂತ ಬೇಕು? ತೆಗೊ" ಎಂದವನು ನಾನು. ಪಾರ್ಸೆಲ್ ನನ್ನ ಅಂಗಡಿಗೇ ಬರಲಿ ಎಂದವನೂ ನಾನೇ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಲವತ್ತು ವರ್ಷ ಗಿರಾಕಿಗಳಿಗೆ ಹೇಳಿದ ಬಾಯಿ ಇದು. ಇನ್ನು ಮುಂದೆ ಹಳೆಯ ವಾಚ್ ಕೊಳ್ಳುವುದಿದ್ದರೆ, ಮೆಷಿನ್ ತೋರಿಸದವನ ಹತ್ತಿರ ವ್ಯಾಪಾರವೇ ಬೇಡ. ಕೇಸಿಗೂ ಮೆಷಿನಿಗೂ ಹೊಂದುತ್ತದೋ ಎಂದು ಇಬ್ಬರಿಂದಾದರೂ ನೋಡಿಸು, ಎಷ್ಟೇ ಬೇಕಾದವನಾದರೂ ಒಬ್ಬನ ಮಾತು ನಂಬಬೇಡ. ವಾಪಸ್ ತೆಗೆದುಕೊಳ್ಳುತ್ತೇನೆಂದು ಬರೆದುಕೊಡುವವರೆಗೆ ಹಣ ಕಳಿಸಬೇಡ. ಇಷ್ಟು ಕೈ ದಾಟಿದ ವಾಚಿನಲ್ಲಿ ಮೆಷಿನ್ ಬದಲಿಸಿದವರು ಯಾರೋ, ಪುಣೆಯವನೇ ಇರಬಹುದು. ದೂರು ಕೊಡುವುದಾದರೆ ಕೊಡು.

ಇಲ್ಲಿ ಹೇಳುವಂಥದ್ದೇನೂ ಇಲ್ಲ. ಕಾಲೇಜು ಮಕ್ಕಳು ಅಂಗಡಿಗೆ ಬರುವುದು ಸೆಲ್ ಹಾಕಿಸಲಿಕ್ಕೆ ಮಾತ್ರ. ಡಿಸೆಂಬರಿಗೆ ಬಾಗಿಲು ಹಾಕುವ ಎಂದಿದ್ದೇನೆ. ನಾಳೆ ಬೆಳಿಗ್ಗೆ ಬೆಳ್ತಂಗಡಿ ಬಸ್ಸಿನ ಕಂಡಕ್ಟರ್ ಚಿನ್ನಯ್ಯನ ಕೈಯಲ್ಲಿ ವಾಚನ್ನೂ ಕಾಗದವನ್ನೂ ಕೊಡುತ್ತೇನೆ. ಕಕ್ಕಿಂಜೆಯ ಮನೆಯಿಂದ ಬೆಳ್ತಂಗಡಿ ಬಸ್‌ಸ್ಟ್ಯಾಂಡಿಗೆ ಇಳಿದು ಬಂದು ತೆಗೆದುಕೊ. ನಿನ್ನ ಹೆಂಡತಿ ರಶೀನಾಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ದೇವರು ನಿಮ್ಮ ಮನೆಯನ್ನು ತಂಪಾಗಿಟ್ಟಿರಲಿ.

ಇತಿ,
ನಿನ್ನ ಕುಶಾಲ ಮಾಮ
(ಕುಶಾಲಪ್ಪ)

ಮತ್ತೊಂದು ಮಾತು: ಕವರಿಗೆ ಗಮ್ ಹಚ್ಚಿದವನು ಮತ್ತೆ ತೆರೆದೆ. ಪುಣೆಯವನ ಮೇಲೆ ದೂರು ಕೊಡಬೇಡ. ಮಾಷ್ಟ್ರೂ ಸುಳ್ಳು ಹೇಳಿರಲಿಲ್ಲ. 96ರಲ್ಲಿ ತೊಳೆಯಲೆಂದು ತೆರೆದಾಗ ಮೆಷಿನಿಗೆ ಲಯ ಕೊಡುವ ಬ್ಯಾಲೆನ್ಸ್ ಚಕ್ರದ ಅಚ್ಚು ನನ್ನ ಚಿಮಟದಲ್ಲೇ ಮುರಿಯಿತು. ಮಂಗಳೂರಿನಲ್ಲೂ ಸಾಮಾನು ಸಿಗಲಿಲ್ಲ. ಉಪ್ಪನಿಗೆ ಹೇಳಲು ನಾಚಿಕೆಯಾಗಿ ಬೇರೆ ಮೆಷಿನ್ ಹಾಕಿ, ಎಂದಿನಂತೆ ಗುರುತು ಗೀರಿ ಕೊಟ್ಟೆ. ಮೆಷಿನಿನ ಫೋಟೊ ತರಿಸಿದರೆ ನೀನು ಇನ್ನೊಬ್ಬ ರಿಪೇರಿಯವನಿಗೆ ತೋರಿಸುತ್ತೀಯೆಂದು ಹೆದರಿ ಬೇಡವೆಂದೆ. ವಾಚ್ ಇಲ್ಲಿಗೆ ಬಂದರೆ ನನ್ನಲ್ಲೇ ಇಟ್ಟುಕೊಂಡಿದ್ದ ಹಳೆಯ ಮೆಷಿನನ್ನೇ ಸರಿಮಾಡಿ ಕೂರಿಸಿಬಿಡುವ ಎಂದಿತ್ತು. ಹದಿನೈದು ದಿನ ಒದ್ದಾಡಿದೆ. ಕೈ ನಡುಗುತ್ತದೆ, ಆಗಲಿಲ್ಲ. ಆ ಮುರಿದ ಮೆಷಿನನ್ನು ಕಾಗದದಲ್ಲಿ ಸುತ್ತಿ ವಾಚಿನ ಜೊತೆ ಇಟ್ಟಿದ್ದೇನೆ. ಮಾಷ್ಟ್ರಿಗೆ ಎರಡನ್ನೂ ತೋರಿಸು, ನನ್ನ ಹೆಸರು ಹೇಳು.

ಮಾಷ್ಟ್ರು ಬೈದುಹೋದ ಮರುದಿನ ಉಪ್ಪ ನನ್ನ ಅಂಗಡಿಗೆ ಬಂದಿದ್ದರು. "ಕುಶಾಲ, ಆ ವಾಚನ್ನು ನೀನಲ್ಲದೆ ಬೇರೆ ಯಾರೂ ತೆರೆದದ್ದಿಲ್ಲ ಅಲ್ವಾ?" ಎಂದು ಕೇಳಿದರು. "ಇಲ್ಲ" ಎಂದೆ. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು. ಆಮೇಲೆ "ಬಾ, ಚಾ ಕುಡಿಯುವ" ಎಂದರು. ಇಪ್ಪತ್ತು ವರ್ಷ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಇದನ್ನು ಅವರಿಗೆ ಓದಿ ಹೇಳು, ಹಾರಿಸ್. ಅವರಿಗೆ ಇದು ಹೊಸ ಸುದ್ದಿಯಲ್ಲ. ನನ್ನ ಬಾಯಿಂದ ಬಂದದ್ದು ಮಾತ್ರ ಹೊಸತು.