ಇಳಿತದ ಶನಿವಾರ

೧೮ ಫೆಬ್ರವರಿ, ಬುಧವಾರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಕಳೆದ ಪತ್ರದಲ್ಲಿ ನಾನು ತಿಳಿಸಿದ ದಿನಾಂಕ ತಪ್ಪು. ಕುಶಲ ಕೇಳುವುದಕ್ಕೂ ಮೊದಲೇ ಕ್ಷಮೆ ಕೇಳುತ್ತಿದ್ದೇನೆ. ಈ ಕ್ರಮಭಂಗವನ್ನೂ ಮನ್ನಿಸು. ತಪ್ಪು ತಿಳಿದದ್ದು ಮೊನ್ನೆಯೇ. ಬರೆಯಲು ಕೈ ಬರಲಿಲ್ಲ.

ನಮ್ಮ ಶಾಲೆಗೆ ಮೈದಾನವಿರಲಿಲ್ಲವೆಂಬುದು ನಿನಗೆ ಗೊತ್ತೇ ಇದೆ. ಕ್ರೀಡಾಕೂಟಕ್ಕೆಂದು, ಸಮುದ್ರ ಚೆನ್ನಾಗಿ ಹಿಂದೆ ಸರಿಯುವ ದೊಡ್ಡ ಇಳಿತದ ಶನಿವಾರವನ್ನು ನಾನು ಹುಡುಕಿ ಹೇಳಬೇಕಿತ್ತು. ಒದ್ದೆ ಮರಳಿನ ಮೇಲೆ ಸುಣ್ಣದ ಗೆರೆ ಎಳೆದು, ಉಬ್ಬರ ಮರಳುವುದರೊಳಗೆ ಓಟಗಳನ್ನೆಲ್ಲ ಮುಗಿಸಬೇಕಿತ್ತು. ಈ ವರ್ಷ ಮುಖ್ಯೋಪಾಧ್ಯಾಯಿನಿಯವರು ಕ್ರೀಡಾಕೂಟವನ್ನು ಹೊಸ ಕ್ರೀಡಾಂಗಣಕ್ಕೆ ಸಾಗಿಸಿದರು. ಅಲ್ಲಿ ಸಮುದ್ರದ ಅಪ್ಪಣೆ ಬೇಕಿಲ್ಲವಾದ್ದರಿಂದ ಭಾನುವಾರವೆಂದು ನಿಗದಿಯಾಯಿತು.

ಹತ್ತನೆಯ ತರಗತಿಯ ಕೊನೆಯ ಓಟದಲ್ಲಿ, ಓಟ ಶುರುವಾಗುವ ಮೊದಲೇ ಗೆರೆ ದಾಟಿದೆಯೆಂದು ನಿನ್ನ ಅಮ್ಮ ಸೀಟಿ ಊದಿ ನಿನ್ನನ್ನು ಹೊರಗಿಟ್ಟಂದಿನಿಂದ ನೀವಿಬ್ಬರೂ ನೆಟ್ಟಗೆ ಮಾತನಾಡಿಲ್ಲ. ಈ ಸಲ ಹಳೆಯ ವಿದ್ಯಾರ್ಥಿನಿಯರ ಓಟವಿದೆ, ಕೊನೆಯಲ್ಲಿ ಕೆಂಪು ಪಟ್ಟಿ ಹಿಡಿಯುವವಳು ಅವಳೇ, ಬಂದು ಓಡು ಎಂದು ಬರೆಯಲು ಕುಳಿತವನು, ರೂಢಿಯ ಬಲದಿಂದ ಇಳಿತವನ್ನು ಲೆಕ್ಕಹಾಕಿ, ಶನಿವಾರವೆಂದೂ ಕಡಲತೀರವೆಂದೂ ಬರೆದುಬಿಟ್ಟೆ.

ಭಾನುವಾರ ಅವಳು ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಎಲ್ಲರಿಗಿಂತ ಮೊದಲು ಹೊರಟಳು. ನಿವೃತ್ತಳಾದರೂ ವ್ಯಾಯಾಮ ಶಿಕ್ಷಕಿ ವ್ಯಾಯಾಮ ಶಿಕ್ಷಕಿಯೇ: ಉಗ್ರಾಣದವನಿಂದ ಹಿಡಿದು ಅತಿಥಿಗಳವರೆಗೆ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿದಳು. ಹಳೆಯ ವಿದ್ಯಾರ್ಥಿನಿಯರ ಸರದಿ ಬಂದಾಗ ಮಾತ್ರ ಬಾಗಿಲ ಕಡೆಗೇ ನೋಡುತ್ತಿದ್ದಳು. "ಶುರು ಮಾಡೋಣ್ವಾ ಮೇಡಂ?" ಎಂದು ಕೇಳಿದವರಿಗೆ, "ಇರ್ರೀ, ಏನು ರೈಲು ಹೋಗತ್ತಾ?" ಎಂದು ಗದರಿದಳು. ಕೊನೆಗೆ ಓಟ ನಡೆಯಿತು. ಬ್ಯಾಂಕಿನಲ್ಲಿರುವ ನಿನ್ನ ಗೆಳತಿ ಗೆದ್ದಳು. ಒಂದು ಶೂ ಕಚ್ಚುತ್ತಿತ್ತೆಂದು ಎರಡನ್ನೂ ಕೈಯಲ್ಲಿ ಹಿಡಿದು ಓಡಿದಳು.

ಸೋಮವಾರ ಬೆಳಿಗ್ಗೆ, ಶಾಲೆಯ ಗಂಟೆ ಬಾರಿಸುವ ನಿಮ್ಮ ಗಂಟೆಮಾಮ ಬಾಗಿಲಲ್ಲೇ ಜಗಳಕ್ಕೆ ನಿಂತ.

"ಏನ್ ಮೇಷ್ಟ್ರೇ, ಮನೆ ಮಗಳನ್ನ ಬೀದಿಯಿಂದಲೇ ಕಳಿಸಿಬಿಡೋದಾ? ಶನಿವಾರ ಸಂಜೆ ತೀರದಲ್ಲಿ ಒಬ್ಳೇ ನಿಂತಿದ್ಳು. ಹಿಮ್ಮಡಿಯಲ್ಲಿ ಒಂದು ಗೆರೆ ಎಳೆದ್ಳು. ಆ ಕಡೆ ನೋಡ್ತಾಳೆ, ಈ ಕಡೆ ನೋಡ್ತಾಳೆ. ಶಾಲೆ ಮಾಳಿಗೆಯಿಂದ ಕೂಗ್ದೆ, ಗಾಳಿಗೆ ಕೇಳಿಸ್ಲಿಲ್ಲ. ಇಳಿದು ಬರೋಷ್ಟರಲ್ಲಿ ಬಸ್ ಹತ್ತಿಬಿಟ್ಳು."

ಅಡುಗೆಮನೆಯಿಂದ ನಿನ್ನ ಅಮ್ಮ ಹೊರಗೆ ಬಂದಳು. ಪತ್ರದಲ್ಲಿ ಶನಿವಾರವೆಂದು ಬರೆದುಬಿಟ್ಟದ್ದನ್ನು ಹೇಳಿದೆ.

"ನಿಮ್ಮ ವ್ಯಾಕರಣ ಯಾವತ್ತೂ ತಪ್ಪಲ್ಲ, ವಾರ ಮಾತ್ರ ತಪ್ಪತ್ತೆ," ಎಂದಳು. "ಅಮ್ಮ ಈ ಸಲಾನೂ ಕೈಕೊಟ್ಳು ಅಂತ ಅಂದ್ಕೊಂಡು ಹೋಗಿರ್ತಾಳೆ."

ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತಿದ್ದೇನೆ: ನೀನು ಬಂದ ದಿನ ಅವಳು ಬಾರದಿದ್ದುದು ನನ್ನ ತಪ್ಪಿನಿಂದ. ಅವಳು ಕಾಯ್ದದ್ದು ಮರುದಿನ.

ನಿನಗೂ ಅಳಿಯನಿಗೂ ಆರೋಗ್ಯ, ನೆಮ್ಮದಿ ಎರಡೂ ಇರಲಿ.

ಇತಿ,
ನಿನ್ನ ಅಪ್ಪ

ಮರೆತ ಮಾತು: ನಿನ್ನೆ ಕೆಂಪು ಪಟ್ಟಿಯನ್ನು ಮಡಿಸುತ್ತ ಅವಳು ಹೇಳಿದಳು: "ಅವತ್ತು ಅಲೆ ಬಂದು ಗೆರೆ ಅಳಿಸಿಬಿಟ್ಟಿತ್ತು. ಅವಳು ದಾಟಿದ್ದು ನಾನು ನೋಡ್ಲೇ ಇಲ್ಲ ಕಣ್ರೀ. ಬೇರೆಯವರ ಮಗಳಾಗಿದ್ರೆ ಓಡೋಕೆ ಬಿಡ್ತಿದ್ದೆ. ನನ್ನ ಮಗಳನ್ನ ಗೆಲ್ಲಿಸ್ದೆ ಅಂತಾರಲ್ಲ ಅಂತ ಸೀಟಿ ಊದ್ದೆ." ಇದನ್ನು ನಿನಗೆ ಬರೆಯಕೂಡದೆಂದು ಅಪ್ಪಣೆ ಮಾಡಿದಳು. ಅಂಚೆಚೀಟಿಯನ್ನು ತಂದುಕೊಟ್ಟವಳೂ ಅವಳೇ.

ತಿದ್ದಿದ ದಿನಾಂಕಗಳು:

ಫೆಬ್ರವರಿ ೧೪, ಶನಿವಾರ: ಕ್ರೀಡಾಕೂಟವಲ್ಲ. ನೀನು ಬಂದ ದಿನ.

ಫೆಬ್ರವರಿ ೧೫, ಭಾನುವಾರ: ಕ್ರೀಡಾಕೂಟ. ಅವಳು ಕಾಯ್ದ ದಿನ.

ನಿನ್ನ ಹತ್ತನೆಯ ತರಗತಿಯ ವರ್ಷದ ಜನವರಿ ೩೦: ನೀನು ಗೆರೆ ದಾಟಿದ ದಿನವಲ್ಲ. ಗೆರೆ ಅಳಿಸಿಹೋದ ದಿನ.

ಫೆಬ್ರವರಿ ೨೮, ಶನಿವಾರ ಸಂಜೆ: ಮುಂದಿನ ದೊಡ್ಡ ಇಳಿತ. ಕಡಲತೀರದಲ್ಲೇ. ಗಂಟೆಮಾಮ ಸುಣ್ಣ ತರುತ್ತಾನೆ. ಈ ದಿನಾಂಕವನ್ನು ನಿನ್ನ ಅಮ್ಮನೇ ಸರಿನೋಡಿದ್ದಾಳೆ.