ಉಸಿರು ಬಿಡಿ

ಮಾರ್ಚ್ ೧೧, ಮಂಗಳವಾರ

ಆ ದರ್ಜಿಯ ಮುಖ ಕಣ್ಣಿಂದ ಹೋಗುತ್ತಿಲ್ಲ. ಹೃದಯಾಘಾತವಾಗಿ ಆರು ವಾರ. ಹೃದಯದ ಎಷ್ಟು ಭಾಗ ಸತ್ತಿದೆ ಎಂದು ನೋಡಲು ನಮ್ಮಲ್ಲಿ ಎಂಆರ್‌ಐಗೆ ಬಂದಿದ್ದರು. "ಸೂಜಿಗೆ ದಾರ ಪೋಣಿಸೋವಾಗೆಲ್ಲ ಉಸಿರು ಹಿಡಿದೇ ಅಭ್ಯಾಸ, ಮೇಡಂ. ನೀವು ಹೇಳೋವರೆಗೂ ಬಿಡಲ್ಲ," ಎಂದು ನಗುತ್ತಲೇ ಯಂತ್ರದೊಳಗೆ ಹೋದರು.

ಗಾಜಿನ ಈಚೆಯಿಂದ ಮೈಕಿನಲ್ಲಿ "ಉಸಿರು ಹಿಡ್ಕೊಳ್ಳಿ" ಎಂದೆ. ಅಷ್ಟರಲ್ಲಿ ಅಕ್ಕನ ಫೋನು, ಕಿಟಕಿಯ ಪರದೆಗೆ ಯಾವ ಬಣ್ಣ ಅಂತ. "ಬಿಡಿ" ಎನ್ನುವುದನ್ನೇ ಮರೆತೆ. ಪುಣ್ಯಾತ್ಮ ಬಿಡಲೇ ಇಲ್ಲ. ಕೊನೆಗೆ ಏದುಸಿರು ಬಂದು, ಎದೆಬಡಿತ ಏರಿ, ತುರ್ತಿಗೆಂದು ಕೈಗೆ ಕೊಟ್ಟಿದ್ದ ಗಂಟೆ ಒತ್ತಿದರು. ಸ್ಕ್ಯಾನು ಅರ್ಧಕ್ಕೇ ನಿಂತಿತು.

ಡಾಕ್ಟರು ಕೇಳಿದಾಗ ಎಗ್ಗಿಲ್ಲದೆ ಹೇಳಿದೆ: "ಉಸಿರು ಹಿಡಿಯೋಕಾಗಲ್ಲ ಸರ್ ಅವರಿಗೆ." ಫಾರಮ್ಮಿನಲ್ಲೂ ಬರೆದೆ, 'ರೋಗಿಯ ಸಹಕಾರ ಸಾಲದು' ಎಂದು. ನನ್ನದೇ ದುಂಡು ಅಕ್ಷರ, ಥೂ.

ಹೊರಗೆ ಬೆಂಚಿನ ಮೇಲೆ ಹೆಂಡತಿ ಅವರನ್ನು ಗದರುತ್ತಿದ್ದರು: "ಅಷ್ಟೂ ಆಗ್ಲಿಲ್ವಾ ನಿಮ್ ಕೈಲಿ?"

ನನ್ನನ್ನು ಕಂಡು ದರ್ಜಿ ಎದ್ದು ನಿಂತರು. "ತಪ್ಪಾಯ್ತು ಮೇಡಂ. ಮುಂದಿನ ಸಲ ಇನ್ನೂ ಜಾಸ್ತಿ ಹೊತ್ತು ಹಿಡೀತೀನಿ."

ಆಗಲೂ ನಾನು ಉಸಿರೆತ್ತಲಿಲ್ಲ.