ಕೆಂಪು ಗೀಟು ಬಿದ್ದ ಸಾಲು

ಗುರುವಾರ, ಮಾರ್ಚ್ ೧೨

ಮಗಳೇ,

ಇಪ್ಪತ್ತಾರು ವರ್ಷಗಳಿಂದ ಈ ಅಚ್ಚುಕೂಟ ನಡೆಸುತ್ತಿರುವವಳು, ತಾನು ಓದಿ ರುಜು ಹಾಕದ ಹಾಳೆಯನ್ನು ಯಂತ್ರಕ್ಕೆ ಕೊಡದವಳು, ನಿನಗೊಂದು ಕಾಗದ ಬರೆಯಲು ಮೂರು ವಾರ ತಡಮಾಡಿದೆ. ಬೇಸರಿಸಬೇಡ. ಕೂಸಿನ ಕೆಮ್ಮು ಇಳಿಯಿತೇ?

ಇಲ್ಲಿ ಪೊಲೀಸರು ಬಂದುಹೋದರು. ನಿನ್ನ ಗಣಿತದ ಮೇಷ್ಟ್ರು ಪದ್ಯಗಳನ್ನು ಅಚ್ಚಿಗೆ ಕೊಟ್ಟಿದ್ದರು. ‘ದೇವರಿಗೂ ವಯಸ್ಸಾಯಿತು, ಕೂಗಿದರೆ ಕೇಳಿಸದು’ ಎಂಬ ಸಾಲಿಗೆ ಕರಡಚ್ಚಿನಲ್ಲೇ ಕೆಂಪು ಗೀಟು ಹಾಕಿದ್ದೆ. ಪುಸ್ತಕದಲ್ಲಿ ಆ ಸಾಲಿಲ್ಲ. ಆದರೂ ದೈವನಿಂದನೆಯೆಂದು ದೂರು, ಮೇಷ್ಟ್ರು ಲಾಕಪ್ಪಿನಲ್ಲಿ.

ವಕೀಲರು ನಕ್ಕರು. “ಅಮ್ಮಾ, ಇದು ನಿಮ್ಮ ಮುತ್ತಜ್ಜನ ಕಾಲದ ಕಾನೂನು. ತೆಗೆದುಹಾಕೋಕೆ ಯಾರಿಗೂ ನೆನಪಾಗಲಿಲ್ಲ, ಅಷ್ಟೇ.”

“ಸತ್ತ ಹಾವು ಅನ್ನಿ.”

“ಸತ್ತಿಲ್ಲಮ್ಮ, ಮಲಗಿತ್ತು. ಯಾರೋ ಬಾಲ ತುಳಿದಿದ್ದಾರೆ. ಬರೆದದ್ದನ್ನ ಇನ್ನೊಬ್ಬರಿಗೆ ತೋರಿಸಿದ್ರೂ ಎರಡು ವರ್ಷ ಜೈಲು.”

ಠಾಣೆಗೆ ಹೋದರೆ ಇನ್‌ಸ್ಪೆಕ್ಟರರ ಮೇಜಿನ ಮೇಲೆ ನನ್ನ ಕರಡಚ್ಚೇ ಇತ್ತು! ನಮ್ಮಲ್ಲಿ ಅದು ಹೊರಗೆ ಹೋಗುವುದಿಲ್ಲ. ನನ್ನ ಕುರ್ಚಿಯ ಹಿಂದಿನ ತಂತಿಗೆ ಚುಚ್ಚಿರುತ್ತದೆ. ಆ ಕೋಣೆಗೆ ಬರುವವರು ನಾನು, ನಿನ್ನ ಅಣ್ಣ, ಅಚ್ಚಿನ ಮೊಳೆ ಜೋಡಿಸುವ ಅಜ್ಜ. ಅಜ್ಜನನ್ನು ಎಲ್ಲರೆದುರು ಕೇಳಿದೆ.

“ಮೂವತ್ತು ವರ್ಷ ಸೀಸ ಮುಟ್ಟಿದ ಕೈ ಅಮ್ಮಾವ್ರೇ. ಉಂಡ ಮನೆಗೆ ಎರಡು ಬಗೆಯುತ್ತಾ?”

“ಮಾತು ಸಾಕು. ಚೀಲ ತೆಗಿ,” ಎಂದೆ. ಊಟದ ಡಬ್ಬಿಯನ್ನೂ ಬಿಡದೆ ತಡಕಿದೆ. ನಿನ್ನ ಅಣ್ಣ ಪಕ್ಕದಲ್ಲಿ ನಿಂತು, “ಯಾರನ್ನೂ ನಂಬೋ ಕಾಲ ಅಲ್ಲಮ್ಮ ಇದು,” ಎಂದ. ಅಜ್ಜ ಅಂದೇ ಕೆಲಸ ಬಿಟ್ಟ.

ನೀನೂ ನಿನ್ನವರೂ ಸುಖವಾಗಿರಿ. ಯಾರ ಮುಂದೆಯೂ ತಲೆ ತಗ್ಗಿಸದ ಬಾಳು ನಿನ್ನದಾಗಲಿ.

ನಿನ್ನ ಅಮ್ಮ

ಕಾಗದ ಮಡಿಸುವ ಮುನ್ನ: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಮೊನ್ನೆ ವಕೀಲರು ದೂರಿನ ಪ್ರತಿ ತಂದರು. ಕೆಳಗಿನ ರುಜು ನಿನ್ನ ಅಣ್ಣನದು. ಯಾವುದೋ ಧರ್ಮರಕ್ಷಣೆಯ ಸಮಿತಿ ಸೇರಿದ್ದಾನೆ. ಅಲ್ಲಿ ದೊಡ್ಡವನೆನಿಸಿಕೊಳ್ಳಲು ಮೇಷ್ಟ್ರು ಸಿಕ್ಕರು. “ನಿನಗೇನೂ ಆಗಲ್ಲಮ್ಮ, ಸಿಕ್ಕಿಬೀಳೋದು ಮೇಷ್ಟ್ರು ಮಾತ್ರ,” ಎಂದು ನನಗೇ ಸಮಾಧಾನ ಹೇಳಿದ. ಅಜ್ಜನ ಕ್ಷಮೆ ಕೇಳಲು ಹೋದೆ, ಬಾಗಿಲು ತೆಗೆಯಲಿಲ್ಲ.

ಇಂದು ಬೆಳಿಗ್ಗೆ ಠಾಣೆಗೆ ಹೋಗಿ, ಆ ಸಾಲು ಮೇಷ್ಟ್ರದಲ್ಲ, ನಾನೇ ಸೇರಿಸಿ ನಾನೇ ಹೊಡೆದುಹಾಕಿದ್ದು ಎಂದು ಬರೆದುಕೊಟ್ಟೆ. ಮೇಷ್ಟ್ರನ್ನು ಬಿಟ್ಟರು, ಕೇಸು ಈಗ ನನ್ನ ಮೇಲೆ. ದೂರು ಕೊಟ್ಟವನೇ ಮೊದಲ ಸಾಕ್ಷಿಯಂತೆ. ಇನ್ನು ನಿನ್ನ ಅಣ್ಣ ಕಟಕಟೆ ಹತ್ತಿ, ನನ್ನ ಮುಖ ನೋಡಿ ಹೇಳಲಿ.